1940ರ ದಶಕದ ಪ್ಯಾಟರ್ನ್, ಇವತ್ತು ಹಾಕಿಕೊಳ್ಳುವ ಸೂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪ್ಯಾಟರ್ನ್ ಕವರಿನ ಮೇಲಿನ ಚಿತ್ರ ನೋಡಿ ಮನಸೋತು, ಆಮೇಲೆ ಹೆದರಿ ಪಕ್ಕಕ್ಕಿಟ್ಟವರಿಗಾಗಿ ಈ ಪುಟ. ಪ್ಯಾಟರ್ನ್ ಅಂದರೆ ಉಡುಪಿನ ಒಂದೊಂದು ತುಂಡಿನ ಆಕಾರಕ್ಕೆ ಮಾಡಿ, ಕವರಿನಲ್ಲಿ ಮಾರುವ ಕಾಗದದ ಕಟಿಂಗ್ ನಮೂನೆ. ಇಲ್ಲಿರುವುದು 1940ರ ದಶಕದ ಅಮೆರಿಕನ್ ಪ್ಯಾಟರ್ನ್‌ಗಳ ವಿಷಯ, ಅದರಲ್ಲೂ ಹೆಂಗಸರ ಜಾಕೆಟ್ ಮತ್ತು ಸ್ಕರ್ಟ್ ಸೂಟ್. ನಾಟಕಕ್ಕೆ ಒಂದು ಸಂಜೆ ಹಾಕಿ ಬಿಚ್ಚಿಡುವ ಉಡುಪಿನ ಮಾತು ಇಲ್ಲಿಲ್ಲ. ಆಫೀಸಿಗೆ, ರಿಸೆಪ್ಷನ್ನಿಗೆ, ಬಸ್ಸು ಹತ್ತಿ ಹೋಗುವುದಕ್ಕೆ ಹಾಕಿಕೊಳ್ಳುವ ಸೂಟಿನ ಮಾತು. ಬ್ಲೌಸ್, ಕುರ್ತಾ ಹೊಲಿದು ಗೊತ್ತಿದ್ದು, ಕೋಟು ಮಾತ್ರ ಹೊಲಿದಿಲ್ಲ ಅನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಎಲ್ಲ ಬಿಟ್ಟು 1940ರ ದಶಕವೇ ಯಾಕೆ?

ಮೊದಲ ಸೂಟಿಗೆ 1942ರಿಂದ 1946ರ ನಡುವಿನ ಪ್ಯಾಟರ್ನ್ ತುಂಬ ಒಳ್ಳೆಯದು. ಅದು ಯುದ್ಧದ ಕಾಲ. ಬಟ್ಟೆ ಉಳಿಸಬೇಕೆಂದು ಅಮೆರಿಕ ಸರ್ಕಾರ 1942ರಲ್ಲಿ ಎಲ್-85 ಎಂಬ ಆದೇಶ ಹೊರಡಿಸಿತು. ಜಾಕೆಟ್ಟಿನ ಉದ್ದ, ಸ್ಕರ್ಟಿನ ಘೇರು, ಕೆಳಗೆ ಮಡಚುವ ಪಟ್ಟಿಯ ಅಗಲ, ಎಲ್ಲಕ್ಕೂ ಮಿತಿ ಬಿತ್ತು. ಬ್ರಿಟನ್ನಿನಲ್ಲಂತೂ 1941ರ ಜೂನ್ 1ರಿಂದಲೇ ಬಟ್ಟೆಗೆ ರೇಷನ್ ಇತ್ತು. ಬೇಡದ ಪಟ್ಟಿ, ಬೇಡದ ನೆರಿಗೆ ಎಲ್ಲ ಹೋಗಿ ಗೆರೆ ಸ್ವಚ್ಛವಾಯಿತು. ಸೊಂಟಕ್ಕೆ ಕೂತ ಜಾಕೆಟ್, ಮಂಡಿಯ ಹತ್ತಿರ ನಿಲ್ಲುವ ಸ್ಕರ್ಟ್, ನೇರ ಭುಜ. ಇವತ್ತು ಹಾಕಿಕೊಂಡರೂ ಹಳೆಯದು ಅನ್ನಿಸುವುದಿಲ್ಲ.

1947ರ ಫೆಬ್ರವರಿಯಲ್ಲಿ ಫ್ರೆಂಚ್ ವಿನ್ಯಾಸಕಾರ ಕ್ರಿಸ್ಟಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ತಮ್ಮ ಮೊದಲ ಸಂಗ್ರಹ ತೋರಿಸಿದ ಮೇಲೆ ಗಾಳಿ ಬದಲಾಯಿತು. ಸ್ಕರ್ಟ್ ಉದ್ದವಾಯಿತು, ಘೇರು ಹೆಚ್ಚಿತು, ಜಾಕೆಟ್ಟಿನ ಸೊಂಟದ ಕೆಳಗೆ ಒಳಗಿಂದ ಪ್ಯಾಡ್ ಕೊಟ್ಟು ಉಬ್ಬಿಸುವುದು ಶುರುವಾಯಿತು. ಚೆಂದವೇ, ಆದರೆ ಒಳಗಿನ ಕೆಲಸ ಬಹಳ. ಅದನ್ನು ಎರಡನೇ ಸೂಟಿಗೆ ಇಟ್ಟುಕೊಳ್ಳಿ.

ಪ್ಯಾಟರ್ನ್ ಎಲ್ಲಿ ಸಿಗುತ್ತದೆ?

ಮೂಲ ಪ್ಯಾಟರ್ನ್‌ಗಳು ಹಳೆ ವಸ್ತು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತವೆ. ಬಟರಿಕ್, ಮೆಕಾಲ್, ಸಿಂಪ್ಲಿಸಿಟಿ, ವೋಗ್, ಅಡ್ವಾನ್ಸ್, ಹಾಲಿವುಡ್ ಎಂಬ ಹೆಸರುಗಳಲ್ಲಿ ಹುಡುಕಿ. ಭಾರತಕ್ಕೆ ತರಿಸಿಕೊಳ್ಳುವ ಖರ್ಚು ಜಾಸ್ತಿ ಅನ್ನಿಸಿದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಳ್ಳಬಹುದು. ಪ್ರಿಂಟ್ ತೆಗೆದ ಕೂಡಲೇ ಅದರಲ್ಲಿರುವ ಅಳತೆಯ ಚೌಕವನ್ನು ಸ್ಕೇಲ್ ಇಟ್ಟು ನೋಡಿ. ಚೌಕ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಕಡಿಮೆ ಬಂದರೂ ಎದೆ ಸುತ್ತಳತೆಯಲ್ಲಿ ಒಂದೆರಡು ಇಂಚೇ ಹೋಗಿಬಿಡುತ್ತದೆ.

ಕಂಪನಿಗಳೇ ಹಳೆಯ ವಿನ್ಯಾಸಗಳನ್ನು ಮರುಮುದ್ರಣ ಮಾಡಿವೆ. ವೋಗ್‌ನ ‘ವಿಂಟೇಜ್ ವೋಗ್’ ಸಾಲು ಇದಕ್ಕೆ ಹೆಸರಾದದ್ದು. ಮರುಮುದ್ರಣದಲ್ಲಿ ಸೂಚನೆ ಸ್ಪಷ್ಟ, ಸೈಜು ಹಲವು. ಆದರೆ ಎಷ್ಟೋ ಸಲ ಸಡಿಲ ಜಾಸ್ತಿ ಕೊಟ್ಟಿರುತ್ತಾರೆ. ಹಳೆಯ ಚಿತ್ರಗಳನ್ನು ನೋಡಿ ಕಲಿಯಬೇಕು ಅನ್ನುವವರಿಗೆ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ಕಮರ್ಷಿಯಲ್ ಪ್ಯಾಟರ್ನ್ ಆರ್ಕೈವ್ ದೊಡ್ಡ ಭಂಡಾರ.

ನನಗೆ ಅಂಗಡಿಯಲ್ಲಿ ‘ಎಂ’ ಸೈಜು ಸರಿಹೋಗುತ್ತದೆ. ಕವರಿನ ಮೇಲೆ 16 ಅಂತಿದೆ. ನನಗಾಗುತ್ತದಾ?

ಸೈಜಿನ ಸಂಖ್ಯೆಯನ್ನು ಮರೆತುಬಿಡಿ. ಎದೆಯ ಅಳತೆ ಮಾತ್ರ ನೋಡಿ. 1940ರ ದಶಕದಲ್ಲಿ 16 ಎಂದರೆ ಎದೆ 34 ಇಂಚು. 18 ಎಂದರೆ 36. 1960ರ ದಶಕದ ಕೊನೆಗೆ ಪ್ಯಾಟರ್ನ್ ಕಂಪನಿಗಳು ಸೈಜುಗಳನ್ನು ಬದಲಿಸಿದವು. ಆಮೇಲಿನ ಪ್ಯಾಟರ್ನ್‌ಗಳಲ್ಲಿ ಅದೇ 34 ಇಂಚಿಗೆ 12 ಎಂಬ ಸಂಖ್ಯೆ ಬಂತು.

ಇನ್ನೊಂದು ಮಾತು. ಆಗಿನ ಹೆಂಗಸರು ಒಳಗೆ ಗರ್ಡಲ್ ಹಾಕುತ್ತಿದ್ದರು. ಆ ಬಿಗಿ ಒಳ ಉಡುಪಿನ ಮೇಲೆ ಕೂರುವಂತೆ ಸೊಂಟದ ಅಳತೆ ಇಟ್ಟಿದ್ದಾರೆ. 34 ಇಂಚು ಎದೆಗೆ 28 ಇಂಚು ಸೊಂಟ. ನಮ್ಮಲ್ಲಿ ಬಹಳ ಜನಕ್ಕೆ ಎದೆ ಸರಿಹೋಗಿ ಸೊಂಟ ಸಾಲುವುದಿಲ್ಲ. ಅದಕ್ಕೆ ಹೆದರಿ ದೊಡ್ಡ ಸೈಜು ಕೊಳ್ಳಬೇಡಿ. ಭುಜ ಮತ್ತು ಕುತ್ತಿಗೆ ಸರಿಯಿರುವ ಸೈಜು ತಗೊಳ್ಳಿ. ಸೊಂಟ ಬಿಡಿಸುವುದು ಸುಲಭ, ಭುಜ ರಿಪೇರಿ ಮಾಡುವುದು ಕಷ್ಟ. ಎದೆ ತುಂಬಿಕೊಂಡಿರುವವರು ಕಂಕುಳ ಕೆಳಗಿಂದ, ಎದೆಯ ಮೇಲ್ಭಾಗದಲ್ಲಿ ಟೇಪು ಸುತ್ತಿ ಬಂದ ಅಳತೆಗೆ ಸೈಜು ಆರಿಸಿ, ಮುಂಭಾಗದಲ್ಲಿ ಮಾತ್ರ ಎದೆಗೆ ಜಾಗ ಸೇರಿಸಿಕೊಳ್ಳುವುದು ಒಳ್ಳೆಯದು.

ಕವರ್ ತೆರೆದರೆ ಬರೀ ತೂತುಗಳಿರುವ ಕಾಗದ. ಒಂದಕ್ಷರವೂ ಇಲ್ಲ!

ಗಾಬರಿಯಾಗಬೇಡಿ. ಆ ಕಾಲದ ಬಹುಪಾಲು ಪ್ಯಾಟರ್ನ್‌ಗಳು ಹಾಗೇ. ಮೆಕಾಲ್ ಕಂಪನಿ 1920ರ ಸುಮಾರಿಗೇ ಗೆರೆ, ಅಕ್ಷರ ಮುದ್ರಿಸಲು ಶುರುಮಾಡಿತ್ತು. ಉಳಿದವರು ಎಷ್ಟೋ ಕಾಲ ತೂತು ಹೊಡೆದ ತೆಳು ಕಾಗದವನ್ನೇ ಮಾರಿದರು.

ದೊಡ್ಡ ತೂತುಗಳ ಸಾಲು ಸಾಮಾನ್ಯವಾಗಿ ಉದ್ದನೂಲಿನ ದಿಕ್ಕು ತೋರಿಸುತ್ತದೆ. ಚಿಕ್ಕ ತೂತುಗಳು ಡಾರ್ಟ್‌ಗೆ, ಅಂದರೆ ನಮ್ಮ ಬ್ಲೌಸಿನ ಟಕ್ಸ್ ಇದೆಯಲ್ಲ, ಅದಕ್ಕೆ. ಜೇಬು, ಗುಂಡಿಯ ಜಾಗಕ್ಕೂ ಅವೇ. ಅಂಚಿನಲ್ಲಿ ಕತ್ತರಿಸಿದ ಕಚ್ಚುಗಳು ಯಾವ ತುಂಡಿಗೆ ಯಾವುದು ಸೇರಬೇಕು ಎಂದು ಹೇಳುತ್ತವೆ. ತುಂಡಿನ ಹೆಸರಿನ ಅಕ್ಷರವನ್ನೂ ತೂತಿನಲ್ಲೇ ಕೊರೆದಿರುತ್ತಾರೆ. ಒಂದೊಂದು ಕಂಪನಿಯ ಗುರುತು ಒಂದೊಂದು ಥರ, ಆದ್ದರಿಂದ ಒಳಗಿನ ಸೂಚನೆ ಹಾಳೆಯನ್ನು ಮೊದಲು ಓದಿ. ಹೊಲಿಗೆಗೆ ಎಷ್ಟು ಮಾರ್ಜಿನ್ ಬಿಟ್ಟಿದ್ದಾರೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಈಗಿನ ಪ್ಯಾಟರ್ನ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಕಡೆ 5/8 ಇಂಚು. ಹಳೆಯದರಲ್ಲಿ ಅರ್ಧ ಇಂಚೂ ಇರಬಹುದು, ಪಕ್ಕದ ಹೊಲಿಗೆಗೆ ಬೇರೆ, ಕುತ್ತಿಗೆಗೆ ಬೇರೆ ಇರಬಹುದು.

ಮೂಲ ಕಾಗದವನ್ನೇ ಬಟ್ಟೆ ಮೇಲಿಟ್ಟು ಕತ್ತರಿಸಬಹುದಾ?

ದಯವಿಟ್ಟು ಬೇಡ. ಎಂಬತ್ತು ವರ್ಷದ ಕಾಗದ ಅದು, ಪಿನ್ನು ಚುಚ್ಚಿದರೆ ಹರಿಯುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಅತಿ ಕಡಿಮೆ ಬಿಸಿಯಲ್ಲಿಟ್ಟು, ಆವಿ ಇಲ್ಲದೆ ಮಡಿಕೆ ತೆಗೆಯಿರಿ. ಬಟರ್ ಪೇಪರಿನ ಮೇಲೆ ನಕಲು ಮಾಡಿಕೊಳ್ಳಿ. ತಿದ್ದುವುದು, ಕತ್ತರಿಸುವುದು, ಅಂಟಿಸುವುದು ಎಲ್ಲ ನಕಲಿನ ಮೇಲೇ ಆಗಲಿ. ನ್ಯೂಸ್‌ಪೇಪರ್ ಉಪಯೋಗಿಸಬೇಡಿ, ಶಾಯಿ ತಿಳಿಬಣ್ಣದ ಬಟ್ಟೆಗೆ ಹತ್ತುತ್ತದೆ.

ಒಂದೆರಡು ತುಂಡು ಕಳೆದುಹೋಗಿದ್ದರೂ ಚಿಂತೆಯಿಲ್ಲ. ಒಳಪಟ್ಟಿ, ಜೇಬು, ಬೆಲ್ಟುಗಳನ್ನು ನೀವೇ ಬರೆದುಕೊಳ್ಳಬಹುದು. ತೋಳು ಅಥವಾ ಕಾಲರ್ ಇಲ್ಲದ ಪ್ಯಾಟರ್ನ್ ಮಾತ್ರ ಕೊಳ್ಳಬೇಡಿ.

ಪ್ಯಾಟರ್ನ್ ನನಗಿಂತ ಎರಡು ಇಂಚು ಚಿಕ್ಕದು. ದೊಡ್ಡದು ಮಾಡುವುದು ಹೇಗೆ?

ಬೇಕಾದ ಹೆಚ್ಚುವರಿಯನ್ನು ನಾಲ್ಕರಿಂದ ಭಾಗಿಸಿ. ಮುಂಭಾಗ ಎರಡು, ಹಿಂಭಾಗ ಎರಡು, ಒಟ್ಟು ನಾಲ್ಕು ಕಾಲುಭಾಗ. ಎರಡು ಇಂಚು ಬೇಕಿದ್ದರೆ ಒಂದೊಂದಕ್ಕೆ ಅರ್ಧ ಇಂಚು. ಅದಿಷ್ಟನ್ನೂ ಪಕ್ಕದ ಹೊಲಿಗೆಗೇ ಸೇರಿಸಿದರೆ ಕಂಕುಳಲ್ಲಿ ಬಟ್ಟೆ ಗುಡ್ಡೆ ಬೀಳುತ್ತದೆ. ನಕಲನ್ನು ಭುಜದ ನಡುವಿನಿಂದ ಕೆಳಗಿನ ಅಂಚಿನವರೆಗೆ ಉದ್ದಕ್ಕೆ ಕತ್ತರಿಸಿ, ಕಾಲಿಂಚು ಅಗಲಿಸಿ, ಕೆಳಗೆ ಕಾಗದ ಅಂಟಿಸಿ. ಉಳಿದ ಕಾಲಿಂಚು ಪಕ್ಕದ ಹೊಲಿಗೆಗೆ. ಅಲ್ಲಿ ಸೇರಿಸಿದಷ್ಟನ್ನೇ ತೋಳಿನ ಹೊಲಿಗೆಗೂ ಸೇರಿಸಿ. ಭುಜ ಮೊದಲೇ ಸರಿಯಿದ್ದರೆ ಹೀಗೆ ಅಗಲಿಸಬೇಡಿ, ಕಂಕುಳ ಮಟ್ಟದಿಂದ ಕೆಳಗೆ ಮಾತ್ರ ಜಾಗ ಮಾಡಿ.

ಲೆಕ್ಕ ಮಾಡುವ ಮೊದಲು ಪ್ಯಾಟರ್ನನ್ನೇ ಅಳೆಯಿರಿ. ಮಾರ್ಜಿನ್ ಬಿಟ್ಟು, ಡಾರ್ಟ್ ಬಿಟ್ಟು, ಎದೆಯ ಮಟ್ಟದಲ್ಲಿ ಎಷ್ಟು ಬರುತ್ತದೆ ನೋಡಿ. ಬ್ಲೌಸ್ ಅಥವಾ ಶರ್ಟಿನ ಮೇಲೆ ಹಾಕುವ ಜಾಕೆಟ್ ನಿಮ್ಮ ಎದೆಗಿಂತ ಮೂರು ನಾಲ್ಕು ಇಂಚು ಹೆಚ್ಚಿರಬೇಕು. ಪ್ಯಾಟರ್ನಿನಲ್ಲಿ ಅಷ್ಟು ಆಗಲೇ ಇದ್ದರೆ ಸುಮ್ನೆ ಬಿಟ್ಟುಬಿಡಿ.

ಉದ್ದವನ್ನೂ ಮರೆಯಬೇಡಿ. ಕುತ್ತಿಗೆಯ ಹಿಂದಿನ ಮೂಳೆಯಿಂದ ಸೊಂಟದವರೆಗೆ ಅಳೆಯಿರಿ. ಆ ಕಾಲದ ಸೊಂಟ ಎಂದರೆ ನಿಜವಾದ ಸೊಂಟ. ಈಗಿನ ಜೀನ್ಸ್ ಕೂರುವ ಜಾಗ ಅದಕ್ಕಿಂತ ಕೆಳಗೆ. ಜಾಕೆಟ್ಟಿನ ಸೊಂಟ ಒಂದಿಂಚು ಕೆಳಗಿಳಿದರೂ ಇಡೀ ಸೂಟು ಸಾಲ ಪಡೆದದ್ದರ ಹಾಗೆ ಕಾಣುತ್ತದೆ.

ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನೋಡಲೇಬೇಕಾ?

ಹೌದು. ಹಾಕಿಕೊಳ್ಳುವಂಥ ಸೂಟು ಆಗುವುದೋ ಇಲ್ಲವೋ ತೀರ್ಮಾನವಾಗುವುದು ಇಲ್ಲೇ. ಉಣ್ಣೆ ಬಟ್ಟೆ ಕತ್ತರಿಸಿದ ಮೇಲೆ ತಿದ್ದಲು ಉಳಿಯುವುದು ಮಾರ್ಜಿನ್ ಮಾತ್ರ.

ಸ್ವಲ್ಪ ದಪ್ಪದ ಕೋರಾ ಬಟ್ಟೆ ತಗೊಳ್ಳಿ. ಹಳೆಯ ಬೆಡ್‌ಶೀಟ್ ಆದರೂ ನಡೆಯುತ್ತದೆ, ಹಿಗ್ಗುವ ಬಟ್ಟೆ ಮಾತ್ರ ಬೇಡ. ಒಂದಿಂಚು ಮಾರ್ಜಿನ್ ಬಿಟ್ಟು, ಮಷೀನಿನಲ್ಲಿ ಉದ್ದ ಹೊಲಿಗೆ ಹಾಕಿ. ಒಂದು ತೋಳು ಸಾಕು. ಭುಜದ ಪ್ಯಾಡ್ ಒಳಗಿಟ್ಟೇ ನೋಡಬೇಕು. ಒಳಗೆ ನೀವು ನಿಜವಾಗಿ ಹಾಕುವ ಬ್ಲೌಸು, ಒಳ ಉಡುಪೇ ಇರಲಿ.

ಹಾಕಿಕೊಂಡು ಕನ್ನಡಿ ಮುಂದೆ ಸುಮ್ಮನೆ ನಿಲ್ಲಬೇಡಿ. ಕುರ್ಚಿಯಲ್ಲಿ ಕೂತು ನೋಡಿ. ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ. ಫೋನ್ ಕಿವಿಗಿಡಿ. ಸುಕ್ಕು ಎಲ್ಲಿಂದ ಹೊರಟು ಯಾವ ಕಡೆಗೆ ಹೋಗುತ್ತದೆ ಗಮನಿಸಿ. ಎಳೆಯುವ ಸುಕ್ಕು ಬಿಗಿ ಇರುವ ಜಾಗವನ್ನು ತೋರಿಸುತ್ತದೆ. ಜೋತುಬೀಳುವ ಮಡಿಕೆ ಅಂದರೆ ಅಲ್ಲಿ ಬಟ್ಟೆ ಜಾಸ್ತಿ. ತಿದ್ದಿದ್ದೆಲ್ಲವನ್ನೂ ಪೆನ್ನಿನಲ್ಲಿ ಬಟ್ಟೆಯ ಮೇಲೆ ಗುರುತು ಮಾಡಿ ಕಾಗದಕ್ಕೆ ಇಳಿಸಿಕೊಳ್ಳಿ. ದೊಡ್ಡ ಬದಲಾವಣೆ ಮಾಡಿದ್ದರೆ ಇನ್ನೊಂದು ಕೋರಾ ಹೊಲಿಯಿರಿ. ಆ ಸಮಯ ವ್ಯರ್ಥ ಅಲ್ಲ.

ಕಂಕುಳ ಸುತ್ತಳತೆ ತುಂಬ ಚಿಕ್ಕದು ಅನ್ನಿಸುತ್ತದೆ. ಕೆಳಗೆ ಕೊರೆಯಬಹುದಾ?

ಇಲ್ಲಿ ಬಹಳ ಜನ ಅವಸರ ಮಾಡುತ್ತಾರೆ. ಕಂಕುಳು ಮೇಲೆ ಕೂತಿದ್ದರೇನೇ ಕೈ ಸಲೀಸಾಗಿ ಎತ್ತಬಹುದು. ಕೆಳಗೆ ಕೊರೆದಷ್ಟೂ ಕೈ ಎತ್ತಿದಾಗ ಇಡೀ ಜಾಕೆಟ್ ಮೇಲೇಳುತ್ತದೆ. ಸೀರೆ ಬ್ಲೌಸ್ ಹೊಲಿದವರಿಗೆ ಇದು ಗೊತ್ತಿರುವ ವಿಷಯವೇ. ಮೇಲೆ ಕೂತ ಕಂಕುಳಿನ ಬ್ಲೌಸ್ ಹಾಕಿಕೊಂಡು ಜಡೆ ಹೆಣೆಯಬಹುದು, ಕಂಕುಳು ಜೋತ ಬ್ಲೌಸಿನಲ್ಲಿ ಆಗುವುದಿಲ್ಲ.

ನಿಜವಾಗಿ ಚರ್ಮ ಉಜ್ಜಿ ನೋವಾದರೆ ಮಾತ್ರ ಕಾಲಿಂಚು ಇಳಿಸಿ, ತೋಳನ್ನೂ ಅಷ್ಟೇ ಇಳಿಸಿ. ಎಷ್ಟೋ ಸಲ ಬಿಗಿ ಇರುವುದು ಕಂಕುಳಲ್ಲಲ್ಲ, ತೋಳಿನ ದಪ್ಪದಲ್ಲಿ. ಹಳೆಯ ಪ್ಯಾಟರ್ನ್‌ಗಳ ತೋಳು ಸಣ್ಣ. ತೋಳಿನ ನಕಲನ್ನು ನಡುವೆ ಕತ್ತರಿಸಿ ಅರ್ಧ ಮುಕ್ಕಾಲು ಇಂಚು ಅಗಲಿಸಿದರೆ ಸಮಸ್ಯೆ ಮುಗಿಯುತ್ತದೆ.

ಭುಜದ ಪ್ಯಾಡ್ ನನಗೆ ಇಷ್ಟ ಇಲ್ಲ. ತೆಗೆದುಬಿಡಲಾ?

ಬರೀ ತೆಗೆದರೆ ಭುಜ ಕುಸಿದು ಎದೆಯ ಮೇಲೆ ಓರೆ ಮಡಿಕೆಗಳು ಬೀಳುತ್ತವೆ. ಪ್ಯಾಡಿಗೆಂದೇ ಭುಜದ ತುದಿಯನ್ನು ಎತ್ತರಿಸಿ ಬರೆದಿರುತ್ತಾರೆ. ದಪ್ಪ ಪ್ಯಾಡ್ ಬದಲು ತೆಳು ಪ್ಯಾಡ್ ಇಡಿ. ಅರ್ಧ ಇಂಚು ಕಡಿಮೆ ಮಾಡಿದರೆ ಕುತ್ತಿಗೆಯ ಕಡೆ ಹಾಗೇ ಬಿಟ್ಟು, ಭುಜದ ತುದಿಯನ್ನು ಮುಂದೆ ಹಿಂದೆ ಎರಡರಲ್ಲೂ ಅರ್ಧ ಇಂಚು ಇಳಿಸಿ. ಕಂಕುಳ ತಳವನ್ನೂ ಅಷ್ಟೇ ಇಳಿಸಿದರೆ ಸುತ್ತಳತೆ ಮೊದಲಿನಷ್ಟೇ ಉಳಿದು ತೋಳು ಸರಿಯಾಗಿ ಕೂರುತ್ತದೆ. ಪೂರ್ತಿ ತೆಗೆಯಬೇಡಿ ಎಂಬುದು ನನ್ನ ಅಭಿಪ್ರಾಯ. ಆ ನೇರ ಭುಜದಿಂದಲೇ ಸೊಂಟ ಸಣ್ಣದಾಗಿ ಕಾಣುವುದು.

ಯಾವ ಬಟ್ಟೆ ತಗೊಳ್ಳಬೇಕು? ಬೆಂಗಳೂರಿನ ಹವೆಗೆ ಉಣ್ಣೆ ಸೆಕೆ ಅಲ್ವಾ?

ಆಗಿನವರು ಗ್ಯಾಬರ್ಡಿನ್, ಫ್ಲಾನೆಲ್, ಟ್ವೀಡ್, ಉಣ್ಣೆ ಕ್ರೇಪ್ ಬಳಸುತ್ತಿದ್ದರು. ಮೈಸೂರು, ಬೆಂಗಳೂರಿನಲ್ಲಿ ಇರುವವರಿಗೆ ಟ್ರಾಪಿಕಲ್ ವೂಲ್ ಅನ್ನುವ ತೆಳು ಉಣ್ಣೆ ಸೂಟಿಂಗ್ ಸಾಕು. ಸಡಿಲ ನೇಯ್ಗೆ, ಗಾಳಿಯಾಡುತ್ತದೆ. ಉಣ್ಣೆಯ ದೊಡ್ಡ ಗುಣ ಏನೆಂದರೆ ಆವಿ ಕೊಟ್ಟರೆ ಹೇಳಿದ ಮಾತು ಕೇಳುತ್ತದೆ: ಕುಗ್ಗು ಅಂದರೆ ಕುಗ್ಗುತ್ತದೆ, ಹಿಗ್ಗು ಅಂದರೆ ಹಿಗ್ಗುತ್ತದೆ. ಟೆರಿವೂಲ್‌ನಲ್ಲಿ (ಉಣ್ಣೆಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆ) ಇದು ಅರ್ಧ ಮಾತ್ರ ಸಾಧ್ಯ, ಪೂರ್ತಿ ಪಾಲಿಯೆಸ್ಟರ್‌ನಲ್ಲಿ ಸಾಧ್ಯವೇ ಇಲ್ಲ. ಕರಾವಳಿಯವರು ದಪ್ಪ ಲಿನನ್ ಅಥವಾ ಮಟ್ಕಾ ರೇಷ್ಮೆ ನೋಡಬಹುದು. ಲಿನನ್ ಸುಕ್ಕಾಗುತ್ತದೆ, ಅದನ್ನು ಒಪ್ಪಿಕೊಂಡೇ ಹೊಲಿಯಬೇಕು.

ಕವರಿನ ಹಿಂದೆ 35, 39, 54 ಇಂಚು ಪನ್ನಕ್ಕೆ ಎಷ್ಟು ಗಜ ಬೇಕು ಎಂದು ಕೊಟ್ಟಿರುತ್ತಾರೆ. ಒಂದು ಗಜ ಅಂದರೆ 91 ಸೆಂಟಿಮೀಟರ್ ಚಿಲ್ಲರೆ. ನಮ್ಮ ಅಂಗಡಿಗಳ ಸೂಟಿಂಗ್ ಸಾಮಾನ್ಯವಾಗಿ 58 ಇಂಚು ಪನ್ನ, ಹಾಗಾಗಿ 54ರ ಲೆಕ್ಕ ಹಿಡಿಯಿರಿ. ನೀವು ಪ್ಯಾಟರ್ನ್ ದೊಡ್ಡದು ಮಾಡಿದ್ದರೆ ಅರ್ಧ ಮೀಟರ್ ಹೆಚ್ಚು ತನ್ನಿ. ಕತ್ತರಿಸುವ ಮೊದಲು ಇಡೀ ಬಟ್ಟೆಗೆ ಆವಿ ಕೊಟ್ಟು, ಚೆನ್ನಾಗಿ ಆರಲು ಬಿಡಿ. ಮೊದಲ ಸೂಟಿಗೆ ಚೌಕಳಿ, ಪಟ್ಟೆ ಬೇಡ. ಗೆರೆ ಕೂಡಿಸುವುದರಲ್ಲೇ ಸುಸ್ತಾಗುತ್ತೀರಿ.

ಒಳಗೆ ಏನು ಹಾಕಬೇಕು? ಬಕ್ರಂ ಸಾಕಾ?

ಬಕ್ರಂ ಬೇಡ. ಅದು ಕಾಲರನ್ನು ರಟ್ಟಿನಂತೆ ನಿಲ್ಲಿಸುತ್ತದೆ, ಮಡಚಿದ ಜಾಗದಲ್ಲಿ ಮುರಿದ ಗೆರೆ ಬೀಳುತ್ತದೆ. ಸೂಟಿಗೆ ಬೇಕಾದದ್ದು ಹೇರ್ ಕ್ಯಾನ್ವಾಸ್. ಪ್ರಾಣಿಗಳ ಕೂದಲಿನ ಎಳೆ ಸೇರಿಸಿ ನೇಯ್ದ, ಬಾಗಿಸಿದರೆ ಪುಟಿದು ಬರುವ ಬಟ್ಟೆ. ಗಂಡಸರ ಕೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ.

ಇದನ್ನು ಮುಂಭಾಗದ ಒಳಗೆ ಕಚ್ಚಾ ಹೊಲಿಗೆ ಹಾಕಿ ಕೂರಿಸಿ. ಲ್ಯಾಪೆಲ್ (ಕಾಲರಿನ ಕೆಳಗೆ ಎದೆಯ ಮೇಲೆ ಹೊರಕ್ಕೆ ತಿರುಗುವ ಭಾಗ) ಮಡಚುವ ಗೆರೆಯ ಉದ್ದಕ್ಕೂ ಸಣ್ಣ ಹತ್ತಿಯ ಪಟ್ಟಿ ಹೊಲಿಯಿರಿ. ಪಟ್ಟಿ ಆ ಗೆರೆಗಿಂತ ಕಾಲಿಂಚಿನಷ್ಟು ಕಡಿಮೆ ಇರಲಿ. ಆ ಎಳೆತದಿಂದ ಜಾಕೆಟ್ ಎದೆಗೆ ಒತ್ತಿ ಕೂರುತ್ತದೆ, ಮುಂದೆ ಬಾಯಿ ಬಿಡುವುದಿಲ್ಲ. ಆಮೇಲೆ ಲ್ಯಾಪೆಲ್ಲನ್ನು ಬೆರಳ ಮೇಲೆ ಬಾಗಿಸಿ ಹಿಡಿದು, ಕ್ಯಾನ್ವಾಸಿನ ಕಡೆಯಿಂದ ಸಣ್ಣ ಓರೆ ಹೊಲಿಗೆಗಳನ್ನು ಸಾಲಾಗಿ ಹಾಕುತ್ತಾ ಬನ್ನಿ. ಸೂಜಿ ಬಟ್ಟೆಯ ಒಂದೇ ಎಳೆ ಹಿಡಿಯಬೇಕು, ಆಚೆ ಕಡೆ ಕಾಣಬಾರದು. ಕೈ ಬಿಟ್ಟರೂ ಲ್ಯಾಪೆಲ್ ತಾನಾಗಿ ಸುರುಳಿಯಾಗುತ್ತದೆ. ಕಾಲರಿನ ಕೆಳಪದರವನ್ನು ಓರೆನೂಲಿನಲ್ಲಿ ಕತ್ತರಿಸಿ ಇದೇ ಕೆಲಸ ಮಾಡಿ. ಒಂದು ಸಂಜೆಯಲ್ಲಿ ಮುಗಿಯುವ ಕೆಲಸ ಅಲ್ಲ, ಆದರೆ ಕೈಯಲ್ಲಿ ಮಾಡುವಾಗ ಸಿಗುವ ಖುಷಿಯೇ ಬೇರೆ.

ಸಮಯ ಇಲ್ಲದವರು ನೇಯ್ದ ಫ್ಯೂಸಿಂಗ್, ಅಂದರೆ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಬಟ್ಟೆ, ಬಳಸಬಹುದು. ಅದೇ ಬಟ್ಟೆಯ ಚೂರಿಗೆ ಅಂಟಿಸಿ, ಆರಿದ ಮೇಲೆ ಗುಳ್ಳೆ ಏಳುತ್ತದಾ ನೋಡಿ. ಹಾಗೆ ಮಾಡಿದರೂ ಆ ಹತ್ತಿ ಪಟ್ಟಿಯನ್ನು ಮಾತ್ರ ಬಿಡಬೇಡಿ. ಬೆನ್ನಿನ ಮೇಲ್ಭಾಗಕ್ಕೂ ಭುಜದಿಂದ ಕಂಕುಳ ಕೆಳಗಿನವರೆಗೆ ಒಂದು ಪದರ ತೆಳು ಹತ್ತಿ ಬಟ್ಟೆ ಕೊಡಿ. ಬೆನ್ನು ಹಿಗ್ಗುವುದಿಲ್ಲ.

ಇಸ್ತ್ರಿಗೆ ಯಾಕೆ ಇಷ್ಟು ಮಹತ್ವ?

ಮನೆಯಲ್ಲಿ ಹೊಲಿದದ್ದು ಎಂದು ಗೊತ್ತಾಗುವುದು ಹೆಚ್ಚಾಗಿ ಇಸ್ತ್ರಿಯಿಂದಲೇ, ಹೊಲಿಗೆಯಿಂದಲ್ಲ. ಪ್ರತಿ ಹೊಲಿಗೆಯನ್ನೂ ಮುಂದಿನದಕ್ಕೆ ಸೇರಿಸುವ ಮೊದಲು ಇಸ್ತ್ರಿ ಮಾಡಿ. ಮೇಲೆ ಒದ್ದೆ ಹತ್ತಿ ಬಟ್ಟೆ ಇರಲಿ. ಪೆಟ್ಟಿಗೆಯನ್ನು ಎಳೆದಾಡಬೇಡಿ, ಒತ್ತಿ ಎತ್ತಿ. ಎದೆ, ಸೊಂಟದ ಬಾಗಿದ ಹೊಲಿಗೆಗಳಿಗೆ ಮರದ ಹೊಟ್ಟು ತುಂಬಿದ ಗಟ್ಟಿ ದಿಂಬು ಮಾಡಿಕೊಳ್ಳಿ. ಅಂಚುಗಳಿಗೆ ಆವಿ ಕೊಟ್ಟ ತಕ್ಷಣ ನಯವಾದ ಮರದ ತುಂಡಿನಿಂದ ಒತ್ತಿ ಹಿಡಿಯಿರಿ. ತಣ್ಣಗಾಗುವವರೆಗೆ ಬಟ್ಟೆ ಎತ್ತಬೇಡಿ. ಬಿಸಿಯಲ್ಲಿ ಎತ್ತಿದರೆ ಕೂತ ಆಕಾರ ಬಿಟ್ಟುಹೋಗುತ್ತದೆ.

ತೋಳು ಕೂರಿಸಿದರೆ ಮೇಲೆ ನೆರಿಗೆ ಬೀಳುತ್ತದೆ.

ತೋಳಿನ ತಲೆ ಆರ್ಮ್‌ಹೋಲಿಗಿಂತ ಒಂದು ಒಂದೂವರೆ ಇಂಚು ದೊಡ್ಡದಿರುತ್ತದೆ, ಅದು ತಪ್ಪಲ್ಲ. ಮಾರ್ಜಿನ್ನಿನಲ್ಲಿ ಎರಡು ಸಾಲು ಸಡಿಲ ಹೊಲಿಗೆ ಹಾಕಿ ದಾರ ಎಳೆದು, ದಿಂಬಿನ ಮೇಲಿಟ್ಟು ಆವಿಯಿಂದ ಕುಗ್ಗಿಸಿ. ಉಣ್ಣೆ ಕುಗ್ಗುತ್ತದೆ. ಟೆರಿವೂಲ್ ಕುಗ್ಗದಿದ್ದರೆ ಪ್ಯಾಟರ್ನಿನಲ್ಲೇ ಅರ್ಧ ಇಂಚು ಕಡಿಮೆ ಮಾಡಿ. ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ನೋಡಿದ ಮೇಲೆಯೇ ಮಷೀನು. ಕೊನೆಗೆ ಉಣ್ಣೆಯ ಕ್ರಾಸ್ ಪಟ್ಟಿಯೊಂದನ್ನು ತೋಳಿನ ತಲೆಯ ಒಳಗೆ ಹೊಲಿದರೆ ದುಂಡಗೆ ನಿಲ್ಲುತ್ತದೆ.

ಕಾಜಾ ಮಷೀನಿನಲ್ಲಿ ಹಾಕಿಸಬಹುದಾ?

ಹಾಕಿಸಬಹುದು. ಆದರೆ ಆ ಕಾಲದ ಹೆಂಗಸರ ಸೂಟಿಗೆ ಅದೇ ಬಟ್ಟೆಯ ತುಟಿ ಕಟ್ಟಿದ ಕಾಜಾ ಹೆಚ್ಚು ಒಪ್ಪುತ್ತದೆ. ಅದನ್ನು ಒಳಪಟ್ಟಿ ಸೇರಿಸುವ ಮೊದಲೇ ಮಾಡಬೇಕು ಎಂಬುದು ನೆನಪಿರಲಿ. ಕಾಜಾ ಬಲಭಾಗದ ಮೇಲೆ. ಒಂದು ಗುಂಡಿ ಸರಿಯಾಗಿ ಸೊಂಟದ ಮೇಲೆ ಬರಲಿ.

ಸ್ಕರ್ಟಿನ ಜಿಪ್ ಪಕ್ಕದಲ್ಲಿದೆ. ಹಿಂದಕ್ಕೆ ಹಾಕಲಾ?

ಎಡ ಪಕ್ಕದಲ್ಲೇ ಬಿಡಿ. ಹಿಂಭಾಗ ನೇರವಾಗಿ, ಶಾಂತವಾಗಿ ಕಾಣುತ್ತದೆ. ಎಂಟು ಇಂಚಿನ ಸಾಮಾನ್ಯ ಜಿಪ್ ಸಾಕು. ಸೂಟಿನಲ್ಲಿ ಮೊದಲು ಸ್ಕರ್ಟನ್ನೇ ಹೊಲಿಯಿರಿ, ಬಟ್ಟೆಯ ಗುಣ ಕೈಗೆ ಹತ್ತುತ್ತದೆ.

ಲೈನಿಂಗ್ ಬೇಕಾ?

ಜಾಕೆಟ್ಟಿಗೆ ಬೇಕು. ತೋಳು ಜಾರಿ ಒಳಹೋಗಬೇಕು. ಹತ್ತಿ ಅಸ್ತರ್ ಬ್ಲೌಸಿಗೆ ಅಂಟಿಕೊಳ್ಳುತ್ತದೆ. ರೇಯಾನ್ ಲೈನಿಂಗ್ ಸಿಕ್ಕಿದರೆ ಬೆವರಿಗೂ ಒಳ್ಳೆಯದು. ಬೆನ್ನಿನ ನಡುವೆ ಒಂದಿಂಚು ನೆರಿಗೆ ಬಿಡಿ. ಕೆಳಗಿನ ಅಂಚಿನಲ್ಲೂ ಅರ್ಧ ಇಂಚು ಸಡಿಲ ಮಡಿಕೆ ಇರಲಿ. ಇವೆರಡೂ ಇಲ್ಲದಿದ್ದರೆ ಕೈ ಮುಂದೆ ಚಾಚಿದಾಗ ಲೈನಿಂಗೇ ಮೊದಲು ಹರಿಯುತ್ತದೆ.

ನಮ್ಮ ಟೈಲರ್‌ಗೆ ಕೊಟ್ಟು ಹೊಲಿಸಬಹುದಾ?

ಖಂಡಿತ. ಆದರೆ ಗಂಡಸರ ಕೋಟು ಹೊಲಿಯುವವರ ಹತ್ತಿರ ಹೋಗಿ. ಕ್ಯಾನ್ವಾಸ್, ಭುಜ, ತೋಳಿನ ಕೆಲಸ ಅವರಿಗೆ ಗೊತ್ತು. ಸರಿಹೋದ ಕೋರಾ ಜಾಕೆಟ್ ಮತ್ತು ತಿದ್ದಿದ ನಕಲು ಎರಡನ್ನೂ ತಗೊಂಡು ಹೋಗಿ. “ಅಣ್ಣ, ಅಳತೆ ಹೊಸದಾಗಿ ತಗೊಳ್ಳೋದು ಬೇಡ, ಇದೇ ಕಟಿಂಗ್ ಇರಲಿ, ಕಂಕುಳು ಇಳಿಸಬೇಡಿ” ಎಂದು ಸ್ಪಷ್ಟವಾಗಿ ಹೇಳಿ. ಕಚ್ಚಾ ಹೊಲಿಗೆಯಲ್ಲಿ ಒಂದು ಟ್ರಯಲ್ ಕೇಳಿ. ಮದುವೆ ಸೀಸನ್ನಿನಲ್ಲಿ ಕೊಡಬೇಡಿ, ಪಾಪ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಛದ್ಮವೇಷದ ಹಾಗೆ ಕಾಣದಿರಲು ಏನು ಮಾಡಬೇಕು?

ಸೂಟಿನ ಆಕಾರ ಬದಲಿಸಬೇಡಿ, ಜೊತೆಗೆ ಹಾಕುವುದನ್ನು ಬದಲಿಸಿ. ಟೋಪಿ, ಕೈಗವಸು, ಸುರುಳಿ ಕೂದಲು, ಕೆಂಪು ಲಿಪ್‌ಸ್ಟಿಕ್ ಎಲ್ಲ ಒಟ್ಟಿಗೆ ಬಂದರೆ ಯಾವ ಸೂಟೂ ನಾಟಕದ ಉಡುಪೇ. ಕಡುನೀಲಿ, ಬೂದು, ಕಂದು ಬಣ್ಣದ ಸಾದಾ ಬಟ್ಟೆ, ಸಾದಾ ಗುಂಡಿ, ನೀವು ದಿನಾ ಹಾಕುವ ಚಪ್ಪಲಿ ಅಥವಾ ಶೂ ಸಾಕು. ಜಾಕೆಟ್ಟನ್ನು ಪ್ಯಾಂಟಿನ ಮೇಲೆ, ಸ್ಕರ್ಟನ್ನು ಬೇರೆ ಶರ್ಟಿನ ಜೊತೆ ಹಾಕಿ ನೋಡಿ. ಕೈಮಗ್ಗದ ಸೀರೆಯ ಮೇಲೂ ಈ ಗಿಡ್ಡ ಜಾಕೆಟ್ ತುಂಬ ಚೆನ್ನಾಗಿ ಒಪ್ಪುತ್ತದೆ.

ಹೊಲಿದ ಮೇಲೆ ಒಗೆಯುವುದು ಹೇಗೆ?

ಒಗೆಯಬೇಡಿ. ಹಾಕಿಕೊಂಡು ಬಂದ ಮೇಲೆ ಅಗಲ ಭುಜದ ಹ್ಯಾಂಗರಿಗೆ ಹಾಕಿ ಗಾಳಿಗಿಡಿ, ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಕಲೆ ಬಿದ್ದರೆ ಆ ಜಾಗ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ. ಡ್ರೈಕ್ಲೀನಿಂಗ್ ನಿಜವಾಗಿ ಕೊಳೆಯಾದಾಗ ಮಾತ್ರ, ಜಾಕೆಟ್ ಮತ್ತು ಸ್ಕರ್ಟ್ ಎರಡನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಬಣ್ಣ ಬೇರೆ ಬೇರೆಯಾಗುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ಒಳಗೆ ಒಣಗಿದ ಬೇವಿನ ಎಲೆ ಹಾಕಿಡಿ.